ಚಾಟಿ ಏಟು ಎಷ್ಟು ಹೊತ್ತು?

ಸಕಲೇಶಪುರದ ಓದುಗರೊಬ್ಬರ ಪತ್ರ: ‘ಶುಭ ಶುಕ್ರವಾರ ನಮ್ಮ ಚರ್ಚಿನ ಹುಡುಗರು ಯೇಸುಸ್ವಾಮಿಯ ಪಾಡುಗಳ ನಾಟಕ ಆಡಿದರು. ಚಾಟಿಯಲ್ಲಿ ಹೊಡೆಯುವ ದೃಶ್ಯವೇ ಇಪ್ಪತ್ತು ನಿಮಿಷ. ಬೀಟ್‌ರೂಟ್ ನೀರು ಮುಂದೆ ಕೂತವರ ಬಟ್ಟೆಗೂ ಹಾರಿತು. ಮಕ್ಕಳು ಹೆದರಿ ಅತ್ತವು. ಇಷ್ಟೆಲ್ಲ ಬೇಕಿತ್ತಾ? ಮುಂದಿನ ವರ್ಷ, ಯೇಸುವನ್ನು ದುಡ್ಡಿಗೆ ಹಿಡಿದುಕೊಟ್ಟ ಶಿಷ್ಯ ಯೂದನ ಪಾರ್ಟು ನನ್ನ ಮಗನ ತಲೆಗೆ ಕಟ್ಟಿದ್ದಾರೆ. ಬೇಡ ಅನ್ನಲೇ?’

ಉತ್ತರ: ಬೇಕಿರಲಿಲ್ಲ ಸ್ವಾಮಿ. ಬೈಬಲ್ ತೆಗೆದು ನೋಡಿ. ಚಾಟಿ ಏಟಿನ ಬಗ್ಗೆ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಯಾವುದೂ ಒಂದು ಸಾಲಿಗಿಂತ ಜಾಸ್ತಿ ಹೇಳುವುದಿಲ್ಲ. ಅದರ ಬದಲು ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಯೇಸುವನ್ನು ಹಿಡಿದ ರಾತ್ರಿ ಬೆಂಕಿ ಕಾಯಿಸುತ್ತಿದ್ದವನು, ‘ನೀನೂ ಯೇಸುವಿನ ಜೊತೆ ಇದ್ದವನಲ್ವಾ’ ಎಂದು ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೇ ‘ಆತ ಯಾರೋ ನನಗೆ ಗೊತ್ತಿಲ್ಲ’ ಅಂದುಬಿಡುತ್ತಾನೆ. ಹೀಗೆ ಮೂರು ಸಲ. ಕೋಳಿ ಕೂಗುತ್ತದೆ. ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಇದನ್ನು ಆಡಲು ಹಳೇ ಬಾಣಲೆಯಲ್ಲಿ ಒಂದಿಷ್ಟು ಕೆಂಡ, ಪರದೆ ಹಿಂದೆ ಕೋಳಿ ಕೂಗಲು ಒಬ್ಬ ಹುಡುಗ ಇದ್ದರಾಯಿತು. ‘ಈ ರಕ್ತಕ್ಕೆ ನಾನು ಹೊಣೆಯಲ್ಲ’ ಎಂದು ಕೈ ತೊಳೆದುಕೊಂಡು ಯೇಸುವನ್ನು ಶಿಲುಬೆಗೆ ಒಪ್ಪಿಸುವ ರೋಮನ್ ಅಧಿಕಾರಿ ಪಿಲಾತನಿಗೆ ಒಂದು ಚೊಂಬು ನೀರು ಸಾಕು. ತೊಳೆದ ಕೈ ಎಲ್ಲಿ ಒರೆಸಿಕೊಳ್ಳುತ್ತಾನೆ ಅನ್ನುವುದರಲ್ಲೇ ಅರ್ಧ ನಾಟಕ ಇದೆ.

ಇನ್ನು ಯೂದ. ನಮ್ಮ ಹಾಸನ ಸೀಮೆಯಲ್ಲಿ ಕುರುಕ್ಷೇತ್ರ ಆಡುವಾಗ ದುರ್ಯೋಧನನ ಪಾರ್ಟಿಗೆ ಪೈಪೋಟಿ. ಜಾಸ್ತಿ ದುಡ್ಡು ಕಟ್ಟಿಯಾದರೂ ಗದೆ ಹಿಡಿಯುತ್ತಾರೆ. ಯೂದನೆಂದರೆ ಮಾತ್ರ ಎಲ್ಲರೂ ಓಡುತ್ತಾರೆ! ಮೂವತ್ತು ಬೆಳ್ಳಿ ನಾಣ್ಯ ವಾಪಸ್ ತಂದು ದೇವಾಲಯದಲ್ಲಿ ಎಸೆಯುವವನೂ ಅವನೇ ಅಲ್ವಾ? ಅದಕ್ಕೆ ಊರಿನ ಒಳ್ಳೇ ನಟನೇ ಬೇಕು. ಮಗನನ್ನು ಕಳಿಸಿ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಜರ್ಮನಿಯ ಓಬರಮ್ಮರ್ಗೌ ಊರಿನವರು 1633ರಲ್ಲಿ ಪ್ಲೇಗಿಗೆ ಹೆದರಿ ಹರಕೆ ಹೊತ್ತರು. 1634ರಿಂದ ಈ ನಾಟಕ ಆಡುತ್ತಿದ್ದಾರೆ, ಈಗ ಹತ್ತು ವರ್ಷಕ್ಕೊಮ್ಮೆ. ಕೊರೊನಾದಿಂದ 2020ರ ಆಟ 2022ಕ್ಕೆ ಹೋಯಿತು. 1934ರಲ್ಲಿ ಹಿಟ್ಲರ್ ಬಂದು ಕೂತು ನೋಡಿದ. ಅವನಿಗೆ ಹಿಡಿಸಿತು. ಹಿಡಿಸದೆ ಏನು, ಯೆಹೂದ್ಯರೆಲ್ಲ ಕೊಲೆಗಡುಕರು ಅನ್ನಿಸುವಂತಿತ್ತು ಆಗಿನ ಆಟ. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಬಾರದು ಎಂದು 1965ರಲ್ಲಿ ಕ್ಯಾಥೋಲಿಕ್ ಬಿಷಪ್ಪರ ವ್ಯಾಟಿಕನ್ ಮಹಾಸಭೆಯೇ ಹೇಳಿತು. ‘ಇವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ’ ಎಂದು ಗುಂಪು ಕೂಗುವ ಮಾತನ್ನು ಓಬರಮ್ಮರ್ಗೌನವರೂ ಕೈಬಿಟ್ಟಿದ್ದಾರೆ. ನಿಮ್ಮ ಹುಡುಗರ ನಾಟಕದಲ್ಲಿ ಅದು ಇದ್ದರೆ ಚಾಟಿಗಿಂತ ಮೊದಲು ಅದನ್ನು ಹೊಡೆದುಹಾಕಲಿ.

ಇದನ್ನೆಲ್ಲ ಫಾದರ್ ಹತ್ತಿರ, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಮುಂಚೆಯೇ ಮಾತಾಡಿ. ತಾಲೀಮು ಶುರುವಾದ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

-ಸಂ.