ಸೇನೆಯಲ್ಲಿ ಗಂಡಸರು ಹೆಣ್ಣು ಅಧಿಕಾರಿಯ ಮಾತು ಕೇಳ್ತಾರಾ?

ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ, ಸೇನೆಗೆ ಅಧಿಕಾರಿಯಾಗಿ ಸೇರುವ ಆಸೆ, ಆದರೆ ಅಮ್ಮ "ಅಷ್ಟು ಜನ ಗಂಡಸರು ನಿನ್ನ ಮಾತು ಕೇಳ್ತಾರಾ?" ಅಂತಿದ್ದಾರೆ ಎಂದು ಬರೆದಿದ್ದೀಯ. ತಂಗಿ, ನನ್ನಮ್ಮನೂ ಇದನ್ನೇ ಕೇಳಿದ್ದರು. ನಾನು ಶಾರ್ಟ್ ಸರ್ವಿಸ್‌ನಲ್ಲಿ, ಅಂದರೆ ಇಂತಿಷ್ಟೇ ವರ್ಷದ ಸೇವೆಯಲ್ಲಿ, ಹತ್ತು ವರ್ಷ ಸೇನೆಯ ಇಂಜಿನಿಯರ್ಸ್ ವಿಭಾಗದಲ್ಲಿದ್ದು ಮೇಜರ್ ಆಗಿ ಹೊರಬಂದವಳು.

ಕೇಳ್ತಾರೆ. ಮೊದಲ ದಿನದಿಂದಲೇ ಕೇಳ್ತಾರೆ. ಆದರೆ ಅದು ಭುಜದ ಮೇಲಿನ ಎರಡು ನಕ್ಷತ್ರಕ್ಕೆ ಸಲ್ಲುವ ಮರ್ಯಾದೆ. ನಿನಗೇ ಅಂತ ಸಲ್ಲುವುದಕ್ಕೆ ಕಾಲ ಬೇಕು.

ನನ್ನ ಮೊದಲ ಪೋಸ್ಟಿಂಗ್ ಮದ್ರಾಸ್ ಸ್ಯಾಪರ್ಸ್‌ನ ಒಂದು ರೆಜಿಮೆಂಟಿಗೆ. ಸ್ಯಾಪರ್ ಅಂದರೆ ಸೇನೆಯ ಇಂಜಿನಿಯರ್ ಪಡೆಯವರು. ಅಲ್ಲಿನ ಜವಾನರನ್ನು ಸೇನೆಯೆಲ್ಲ 'ತಂಬಿ' (ತಮಿಳಿನಲ್ಲಿ ತಮ್ಮ) ಅಂತಲೇ ಕರೆಯುವುದು. ನನಗೆ ಇಪ್ಪತ್ತಮೂರು ವರ್ಷ. ನನ್ನ ಕೈಕೆಳಗಿದ್ದ ಸುಬೇದಾರ್ ಸಾಹೇಬರ ಸರ್ವಿಸ್ಸೇ ನನ್ನ ವಯಸ್ಸಿಗಿಂತ ಹೆಚ್ಚು. ಅವರು ನನಗೆ ಸಲ್ಯೂಟ್ ಹೊಡೆಯುವಾಗ ಮೊದಮೊದಲು ಎಲ್ಲಿ ನೋಡಬೇಕೋ ತಿಳಿಯುತ್ತಿರಲಿಲ್ಲ.

ಒಂದು ಅಭ್ಯಾಸದಲ್ಲಿ ಬೈಲಿ ಸೇತುವೆ, ಅಂದರೆ ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಬೇಗ ಕಟ್ಟುವ ಸೇತುವೆ, ಕಟ್ಟುತ್ತಿದ್ದೆವು. ಅದರ ಒಂದೊಂದು ಉಕ್ಕಿನ ಪ್ಯಾನೆಲ್ ಸುಮಾರು 260 ಕೆಜಿ, ಆರು ಜನ ಸೇರಿ ಹೊರಬೇಕು. ನಾನೂ ಕಡಿಮೆಯಿಲ್ಲ ಎಂದು ತೋರಿಸುವ ಹಟಕ್ಕೆ ಹೋಗಿ ಹೆಗಲು ಕೊಟ್ಟೆ. ತಂಬಿಗಳಿಗೆ ಖುಷಿಯಾಯಿತು. ಸಂಜೆ ಸಾಹೇಬರು ಒಬ್ಬಳನ್ನೇ ಕರೆದು ಹೇಳಿದರು: "ಮೇಡಂ, ನೀವು ಪ್ಯಾನೆಲ್ ಹೊತ್ತಾಗ ಆ ಹುಡುಗರ ಕಾಲ ಕಡೆ ಯಾರೂ ನೋಡ್ತಿರಲಿಲ್ಲ." ಆ ಕತ್ತಲಲ್ಲಿ ನನಗೆ ಅಳು ಬಂತು. ನನ್ನನ್ನು ಸಾಬೀತು ಮಾಡಿಕೊಳ್ಳುವ ಭರದಲ್ಲಿ ಯಾರದೋ ಪಾದ ಜಜ್ಜಿಹೋಗುತ್ತಿತ್ತು. ಅವತ್ತಿನಿಂದ ಹೊರುವ ಕಡೆ ಹೋಗಲಿಲ್ಲ. ಪ್ಯಾನೆಲ್ ಜೋಡಿಸುವ ಪಿನ್ ಸರಿಯಾಗಿ ಕೂತಿದೆಯಾ, ಹುಡುಗರಿಗೆ ನಿದ್ದೆ ಆಗಿದೆಯಾ, ಯಾರ ಮನೆಯಲ್ಲಿ ಹೆರಿಗೆ, ಯಾರಿಗೆ ರಜೆ ಬೇಕು, ಇವನ್ನು ಕಲಿತೆ. ಆಮೇಲೆ ನನ್ನ ಮಾತಿಗೆ ತೂಕ ಬಂದದ್ದು ನನಗೇ ಗೊತ್ತಾಗುತ್ತಿತ್ತು.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ರೆಜಿಮೆಂಟಿಗೆಲ್ಲ ನಾನೊಬ್ಬಳೇ ಹೆಣ್ಣು. ಕ್ಯಾಂಪಿನಲ್ಲಿ ನನ್ನ ಟೆಂಟ್ ದೂರ; ರಾತ್ರಿ ಉಳಿದ ಅಧಿಕಾರಿಗಳು ಹರಟೆ ಹೊಡೆದು ನಗುವುದು ಕೇಳಿಸುತ್ತಿತ್ತು. ಮುಟ್ಟಿನ ದಿನಗಳಲ್ಲಿ ಬಯಲಲ್ಲಿ ಇಪ್ಪತ್ತು ಕಿಲೋಮೀಟರ್ ನಡೆಯುವುದಕ್ಕಿಂತ ಈ ಒಂಟಿತನವೇ ನನಗೆ ಭಾರವಾಗಿತ್ತು.

ಅಮ್ಮನಿಗೆ ಕ್ಯಾಪ್ಟನ್ ಶಿವಾ ಚೌಹಾಣ್ ಬಗ್ಗೆ ಹೇಳು. ಉದಯಪುರದ ಹುಡುಗಿ, ಹನ್ನೊಂದನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡವಳು, ತಾಯಿ ಓದಿಸಿದ್ದು. ನಿನ್ನಂತೆಯೇ ಸಿವಿಲ್ ಇಂಜಿನಿಯರಿಂಗ್. 2021ರಲ್ಲಿ ಸೇನೆ ಸೇರಿ, 2023ರ ಜನವರಿಯಲ್ಲಿ ಸಿಯಾಚಿನ್‌ನ ಕುಮಾರ್ ಪೋಸ್ಟ್‌ಗೆ, 15,632 ಅಡಿ ಎತ್ತರಕ್ಕೆ, ತನ್ನ ಸ್ಯಾಪರ್ ತಂಡದೊಂದಿಗೆ ಹೋದಳು. ಅಲ್ಲಿ ಕರ್ತವ್ಯಕ್ಕೆ ನಿಯೋಜನೆಗೊಂಡ ಮೊದಲ ಮಹಿಳಾ ಅಧಿಕಾರಿ. ಹೋಗುವ ಮುಂಚೆ ಸಿಯಾಚಿನ್ ಬ್ಯಾಟಲ್ ಸ್ಕೂಲಿನಲ್ಲಿ ಒಂದು ತಿಂಗಳು ಹಿಮದ ಗೋಡೆ ಹತ್ತುವುದು, ಬಿರುಕಿಗೆ ಬಿದ್ದವರನ್ನು ಎತ್ತುವುದು ಎಲ್ಲ ಕಲಿತಳು, ಗಂಡಸರ ಜೊತೆಯಲ್ಲೇ. ಆ ಸುದ್ದಿ ಓದಿದ ದಿನ ನನ್ನ ಹಳೇ ತಂಬಿಗಳಿಂದ ಫೋನ್ ಮೇಲೆ ಫೋನ್.

ಇನ್ನು ದಾರಿ. ಇಂಜಿನಿಯರಿಂಗ್ ಓದಿದವರಿಗೆ ಶಾರ್ಟ್ ಸರ್ವಿಸ್ ಟೆಕ್ನಿಕಲ್ ಇದೆ, ಲಿಖಿತ ಪರೀಕ್ಷೆ ಇಲ್ಲ. ಅಂಕದ ಮೇಲೆ ಆರಿಸಿ ನೇರ ಐದು ದಿನದ ಎಸ್‌ಎಸ್‌ಬಿಗೆ, ಅಂದರೆ ಅಧಿಕಾರಿಗಳನ್ನು ಆರಿಸುವ ಸಂದರ್ಶನಕ್ಕೆ, ಕರೆಯುತ್ತಾರೆ. ಬೆಂಗಳೂರಿನಲ್ಲಿ ಬಿದ್ದರೆ ಕಬ್ಬನ್ ರಸ್ತೆಯಲ್ಲೇ ಕೇಂದ್ರ. ಆಯ್ಕೆಯಾದರೆ ಸುಮಾರು ಒಂದು ವರ್ಷ ತರಬೇತಿ. ಸೇವೆ ಹತ್ತು ವರ್ಷ, ಬೇಕಾದರೆ ಇನ್ನೂ ನಾಲ್ಕು. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆಯ ಬಾಗಿಲೂ ತೆರೆದಿದೆ. ಕಾಲಾಳು ಪಡೆ, ಟ್ಯಾಂಕ್ ಪಡೆ ಮಾತ್ರ ನಮಗಿನ್ನೂ ಇಲ್ಲ. ಅದು ನನಗೆ ಬೇಸರ.

ಓಡುವುದನ್ನು ನಾಳೆಯಿಂದಲೇ ಶುರು ಮಾಡು. ಅಮ್ಮನಿಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಇಲ್ಲೇ ಸಂದೇಶ ಕಳಿಸು, ಫೋನ್ ಮಾಡುತ್ತೇನೆ.