ಕಾಯಿಸಿ ಬಡಿದ ಉಳಿಯನ್ನು ನೀರಿಗೆ ಅದ್ದಿದಾಗ ಯಾಕೆ ಬಿರುಕು ಬಿಡುತ್ತದೆ?

ತಣ್ಣಗಾಗಿ ಕುಗ್ಗುವುದರಿಂದ ಅಂತ ಸುಮಾರು ಜನ ಹೇಳುತ್ತಾರೆ. ಅದು ಅರ್ಧ ಉತ್ತರ ಅಷ್ಟೇ. ಗಟ್ಟಿಯಾಗುವಾಗ ಉಕ್ಕು ಮಾರ್ಟೆನ್ಸೈಟ್ ಎಂಬ ರೂಪಕ್ಕೆ ತಿರುಗಿ ಹಿಗ್ಗುತ್ತದೆ, ಗಾತ್ರದಲ್ಲಿ ಸುಮಾರು ಶೇ. 4ರಷ್ಟು. ಮೊದಲು ತಣ್ಣಗಾಗುವುದು ಮೇಲ್ಮೈ. ಅದು ಗಾಜಿನಂತೆ ಗಡುಸಾಗಿ ಕೂತ ಮೇಲೆ ಒಳಗಿನ ಭಾಗ ನಿಧಾನಕ್ಕೆ ಹಿಗ್ಗುತ್ತದೆ. ಹೊರಗಿನ ಚಿಪ್ಪಿಗೆ ಬಾಗುವ ಗುಣವೇ ಇಲ್ಲ, ಇನ್ನೇನು ಮಾಡೀತು? ಸೀಳುತ್ತದೆ. 'ಟಿಂಗ್' ಅನ್ನೋ ಸದ್ದು ಕೇಳಿದರೆ ಕಥೆ ಮುಗಿಯಿತು.

ಚೂಪು ಮೂಲೆ, ತೂತು, ದಪ್ಪ ಭಾಗ ತಟ್ಟನೆ ತೆಳುವಾಗುವ ಜಾಗ, ಇಲ್ಲೆಲ್ಲ ಬಿರುಕು ಬೇಗ ಶುರುವಾಗುತ್ತದೆ. ಕಾರ್ಬನ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ. ಎಣ್ಣೆಯಲ್ಲಿ ಅದ್ದಬೇಕಾದ ಉಕ್ಕನ್ನು ನೀರಿಗೆ ಹಾಕುವುದು ತುಂಬಾ ಜನ ಮಾಡುವ ತಪ್ಪು.

ಮುರಿದ ತುಂಡನ್ನು ಸುಮ್ನೆ ಎಸೆಯಬೇಡಿ, ಒಳಮುಖ ನೋಡಿ. ಸಕ್ಕರೆ ಹರಳಿನ ಹಾಗೆ ಒರಟಾಗಿ ಮಿನುಗಿದರೆ ಜಾಸ್ತಿ ಕಾಯಿಸಿದ್ದೀರಿ. ಬಿರುಕಿನೊಳಗೆ ಕಪ್ಪು ಪೊರೆ ಇದ್ದರೆ ಅದು ಬಡಿಯುವಾಗಲೇ ಆಗಿರುವುದು, ಪಾಪ, ನೀರಿನ ತಪ್ಪಲ್ಲ!

ಬಿರುಕು ತಪ್ಪಿಸಬೇಕಾದರೆ, ಬಡಿದಾದ ಮೇಲೆ ಮತ್ತೆ ಕೆಂಪಗೆ ಕಾಯಿಸಿ, ಗಾಳಿಯಲ್ಲೇ ಆರಲು ಬಿಡಿ. ಇದನ್ನು ಎರಡು ಮೂರು ಸಲ ಮಾಡಿ, ಆಮೇಲೆ ಮತ್ತೊಮ್ಮೆ ಕಾಯಿಸಿ ಅದ್ದಿ. ಅದ್ದಿದ ಮೇಲೆ ಟೆಂಪರ್ ಮಾಡುವುದನ್ನು, ಅಂದರೆ ಹದವಾಗಿ ಮತ್ತೆ ಕಾಯಿಸಿ ಪೆಡಸುತನ ಕಡಿಮೆ ಮಾಡುವುದನ್ನು, ನಾಳೆಗೆ ಇಡಬೇಡಿ. ರಾತ್ರಿ ಮೇಜಿನ ಮೇಲೆ ಇಟ್ಟಲ್ಲೇ ಸೀಳಿದ್ದೂ ಉಂಟು.