ಡ್ರಮ್ ಕೋರ್ ನೋಡುವಾಗ ಯಾವಾಗಲೂ ಗೆಲ್ಲುವ ತಂಡದ ಪರ ಇರಬೇಕಾ, ಹಿಂದೆ ಬಿದ್ದವರ ಪರ ಇರಬೇಕಾ?

ನೀವು ಕೇಳಿರುವುದು ಇಷ್ಟು. ಮಗಳು ಅಮೆರಿಕದಲ್ಲಿ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡ್ ಸೇರಿದ್ದಾಳೆ, ಅವಳಿಂದಾಗಿ ನೀವೂ ಡ್ರಮ್ ಕೋರ್ ನೋಡಲು ಶುರು ಮಾಡಿದ್ದೀರಿ. ಬ್ಲೂ ಡೆವಿಲ್ಸ್ ಎಂಬ ತಂಡ ನಿಮಗೆ ತುಂಬಾ ಹಿಡಿಸಿದೆ. ಆದರೆ ಅವರು ಗೆದ್ದಾಗ ಅಕ್ಕಪಕ್ಕದವರು ಕೈಕಟ್ಟಿ ಕೂರುತ್ತಾರೆ, ಹಿಂದಿದ್ದ ತಂಡ ಗೆದ್ದರೆ ಎದ್ದು ಕುಣಿಯುತ್ತಾರೆ. ಹೀಗೇಕೆ, ನಾವು ಯಾರ ಪರ ಇರಬೇಕು ಅಂತ.

ಬ್ಲೂ ಡೆವಿಲ್ಸ್ ಇಷ್ಟವಾದರೆ ಧಾರಾಳವಾಗಿ ಇಷ್ಟಪಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ಮನಸ್ಸು ಮಾತ್ರ ಹನ್ನೆರಡನೇ ಸ್ಥಾನಕ್ಕೆ ಗುದ್ದಾಡುವವರ ಹತ್ತಿರ ಇರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಈ ಉತ್ತರ ಓದುವ ಬೇರೆಯವರಿಗಾಗಿ ಎರಡು ಮಾತು. ಡ್ರಮ್ ಕೋರ್ ಅಂದರೆ ಹಿತ್ತಾಳೆ ವಾದ್ಯ, ಡ್ರಮ್, ಬಾವುಟ ಬೀಸುವ ಕಲರ್ ಗಾರ್ಡ್ ಎಲ್ಲ ಸೇರಿ 165 ಜನರ ತನಕ ಇರುವ ತಂಡ. ಹನ್ನೊಂದು ಹನ್ನೆರಡು ನಿಮಿಷದ ಒಂದೇ ಪ್ರದರ್ಶನವನ್ನು ಇಡೀ ಬೇಸಿಗೆ ಊರೂರು ತಿರುಗಿ, ತಿದ್ದಿ ತಿದ್ದಿ ಫುಟ್‌ಬಾಲ್ ಮೈದಾನದಲ್ಲಿ ಆಡುತ್ತಾರೆ. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1972ರಿಂದ ಇದರ ಚಾಂಪಿಯನ್‌ಶಿಪ್ ನಡೆಸುತ್ತಿದೆ. 100 ಅಂಕದಲ್ಲಿ ಒಟ್ಟಾರೆ ಪರಿಣಾಮಕ್ಕೆ 40, ನೋಟಕ್ಕೆ 30, ಸಂಗೀತಕ್ಕೆ 30. ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲುಕಾಸ್ ಆಯಿಲ್ ಸ್ಟೇಡಿಯಂನಲ್ಲಿ ಗುರುವಾರ ಪ್ರಿಲಿಮ್ಸ್, ಶುಕ್ರವಾರ ಸೆಮಿಫೈನಲ್, ಶನಿವಾರ ಫೈನಲ್. ಶುಕ್ರವಾರಕ್ಕೆ 25 ತಂಡ ಉಳಿಯುತ್ತವೆ, ಶನಿವಾರಕ್ಕೆ 12.

ಈ ಆಟದಲ್ಲಿ ಮೊದಲು ಗಮನಿಸಬೇಕಾದದ್ದು ವಯಸ್ಸು. 21 ಕೊನೆ. ಆಮೇಲೆ ಎಷ್ಟೇ ಚೆನ್ನಾಗಿ ನುಡಿಸಿದರೂ ಜಾಗ ಇಲ್ಲ. ‘ಏಜ್ ಔಟ್’ ಆದರು ಅನ್ನುತ್ತಾರೆ. ನಮ್ಮ ಆರ್‌ಸಿಬಿ ಅಭಿಮಾನಿಗಳು 2025ರ ಕಪ್‌ಗೆ 18 ಸೀಸನ್ ಕಾದರು, ಅವರ ಜೊತೆ ಕೊಹ್ಲಿಯೂ ಅಷ್ಟೇ ಕಾದರು. ಕೊನೆಗೆ ಕಪ್ ಎತ್ತುವಾಗ ಅವರು ಮೈದಾನದಲ್ಲೇ ಇದ್ದರು. ಡ್ರಮ್ ಕೋರ್‌ನಲ್ಲಿ ಹಾಗೆ ಆಗುವುದೇ ಇಲ್ಲ. ಅದೇ 2025ರಲ್ಲಿ ಬಾಸ್ಟನ್ ಕ್ರುಸೇಡರ್ಸ್ ಮೊದಲ ಸಲ ಚಾಂಪಿಯನ್ ಆಯಿತು. 1940ರಲ್ಲಿ ಹುಟ್ಟಿದ ತಂಡ. ಹನ್ನೆರಡರ ಫೈನಲ್ ಮುಟ್ಟಿದ್ದೇ 1999ರಲ್ಲಿ. ಆ 1999ರ ಹುಡುಗರಿಗೆ ಈಗ ನಲವತ್ತು ದಾಟಿದೆ. ಪದಕ ಬಂದದ್ದು ಆಗಿನ್ನೂ ಹುಟ್ಟಿಯೇ ಇರದ ಮಕ್ಕಳ ಕೊರಳಿಗೆ. ಗ್ಯಾಲರಿಯಲ್ಲಿದ್ದ ಹಳಬರು ಅತ್ತರೆ ಅದರಲ್ಲಿ ಆಶ್ಚರ್ಯ ಏನಿದೆ?

ಇದನ್ನೇ ತಿರುಗಿಸಿ ಗೆಲ್ಲುವ ತಂಡಕ್ಕೆ ಹಚ್ಚಿ ನೋಡಿ. ಕ್ಯಾಲಿಫೋರ್ನಿಯಾದ ಕಾಂಕರ್ಡ್‌ನ ಬ್ಲೂ ಡೆವಿಲ್ಸ್ 1976ರಲ್ಲಿ ಮೊದಲ ಸಲ ಗೆದ್ದದ್ದು. 2023ರ ಹೊತ್ತಿಗೆ 21 ಪಟ್ಟ. 2014ರಲ್ಲಿ ಅವರು ತೆಗೆದ 99.650 ಇವತ್ತಿಗೂ ದಾಖಲೆ. ಪಟ್ಟಿ ನೋಡಿದರೆ ಅಬ್ಬಾ ಇವರಿಗೆ ಇನ್ನೂ ಬೇಕಾ ಅನ್ನಿಸುತ್ತದೆ. ಆದರೆ ಆ ನೀಲಿ ಸಮವಸ್ತ್ರದೊಳಗಿನ ಹತ್ತೊಂಬತ್ತು ವರ್ಷದ ಹುಡುಗಿ 21 ಪಟ್ಟ ಗೆದ್ದಿಲ್ಲ. ಅವಳು ಬಹುಶಃ ಒಂದೂ ಗೆದ್ದಿಲ್ಲ. ಎಷ್ಟೋ ಮಕ್ಕಳು ಮೊದಲು ಕೆಳಗಿನ ತಂಡದಲ್ಲಿ ಒಂದೆರಡು ಬೇಸಿಗೆ ಬೆವರು ಸುರಿಸಿ, ಆಡಿಷನ್‌ನಲ್ಲಿ ಒಂದು ಸಲ ಆಯ್ಕೆಯಾಗದೆ ವಾಪಸ್ ಬಂದು, ಮತ್ತೆ ಹೋಗಿ ಜಾಗ ಹಿಡಿದವರು. ಹೋದ ವರ್ಷ ನೀವು ‘ಪಾಪ’ ಅಂತ ಚಪ್ಪಾಳೆ ಹೊಡೆದ ಹುಡುಗಿಯೇ ಈ ವರ್ಷ ಅಲ್ಲಿರಬಹುದು. ಸಮವಸ್ತ್ರ ಬದಲಾಯಿತು ಅಂತ ಅವಳಿಗೆ ಕೈಕಟ್ಟಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಅವರ ಗೆಲುವು ಸುಮ್ನೆ ಬಂದದ್ದೂ ಅಲ್ಲ. 1987ರಿಂದ 1993ರ ತನಕ ಇದೇ ಬ್ಲೂ ಡೆವಿಲ್ಸ್ ಒಂದು ಪಟ್ಟವನ್ನೂ ಗೆಲ್ಲಲಿಲ್ಲ. ಬ್ಲೂ ಡೆವಿಲ್ಸ್ ಬಿ, ಬ್ಲೂ ಡೆವಿಲ್ಸ್ ಸಿ ಅಂತ ಕಿರಿಯರ ತಂಡ ಇಟ್ಟುಕೊಂಡು ಊರಿನ ಮಕ್ಕಳನ್ನು ಚಿಕ್ಕಂದಿನಿಂದಲೇ ಬೆಳೆಸುತ್ತಾರೆ. ಬ್ರಾಸ್ ಸಂಗೀತ ಹೊಂದಿಸುತ್ತಿದ್ದ ವೇಯ್ನ್ ಡೌನಿಯಂಥವರು ದಶಕಗಟ್ಟಲೆ ಅಲ್ಲೇ ಇದ್ದರು. ಬೇರೆ ಎಷ್ಟೋ ತಂಡಗಳಲ್ಲಿ ಕಲಿಸುವವರೇ ಬದಲಾಗುತ್ತಾರೆ. ಮಕ್ಕಳು ಹೇಗೂ ಬದಲಾಗುವ ಆಟದಲ್ಲಿ ಕಲಿಸುವವರು ಉಳಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗೆಲ್ಲುವವರ ಮೇಲಿನ ಸಿಟ್ಟು ಎಷ್ಟು ದೂರ ಹೋಗಬಹುದು ಗೊತ್ತಾ? ಸ್ಟಾರ್ ಆಫ್ ಇಂಡಿಯಾನಾ ಕಥೆ ಕೇಳಿ. ಬಿಲ್ ಕುಕ್ ಎಂಬ ಉದ್ಯಮಿಯ ಬೆಂಬಲದಿಂದ ಹುಟ್ಟಿದ ತಂಡ. 1985ರಲ್ಲಿ ಮೊದಲ ಸಲ ಸ್ಪರ್ಧೆಗೆ ಇಳಿದು ಅದೇ ವರ್ಷ ಫೈನಲ್ ಮುಟ್ಟಿತು. 1991ರಲ್ಲಿ ಚಾಂಪಿಯನ್. ದುಡ್ಡಿನಿಂದ ಬಂದವರು, ಸರತಿ ನಿಲ್ಲದೆ ಮೇಲೆ ಹೋದವರು ಅಂತ ಗ್ಯಾಲರಿಗೆ ಅಸಮಾಧಾನ. 1993ರಲ್ಲಿ ಬಾರ್ಬರ್ ಮತ್ತು ಬಾರ್ಟಾಕ್ ಎಂಬ ಸಂಯೋಜಕರ ಸಂಗೀತ ಇಟ್ಟುಕೊಂಡು ಬಂದರು. ಕಿವಿಗೆ ಕಷ್ಟದ ಸಂಗೀತ, ಅಷ್ಟೇ ಕಠಿಣ ಚಲನೆ. ಜನ ‘ಬೂ’ ಅಂದರು. ಹದಿನೇಳು ಹದಿನೆಂಟು ವರ್ಷದ ಮಕ್ಕಳಿಗೆ! ಫೈನಲ್‌ನಲ್ಲಿ ಕೆಡೆಟ್ಸ್ ಎಂಬ ತಂಡಕ್ಕೆ 97.4, ಸ್ಟಾರ್‌ಗೆ 97.3. ಆ ವರ್ಷದ ನಂತರ ಸ್ಟಾರ್ ಸ್ಪರ್ಧೆಯನ್ನೇ ಬಿಟ್ಟಿತು. ಆ ತಂಡದಿಂದ ಬೆಳೆದ ‘ಬ್ಲಾಸ್ಟ್!’ ಪ್ರದರ್ಶನ 2001ರಲ್ಲಿ ಬ್ರಾಡ್‌ವೇ ಮುಟ್ಟಿ ಟೋನಿ ಪ್ರಶಸ್ತಿ ಗೆದ್ದಿತು. ಇವತ್ತು ಆ 1993ರ ವಿಡಿಯೊವನ್ನು ಕಲಿಸುವವರು ಗೌರವದಿಂದ ನೋಡುತ್ತಾರೆ. ನನಗೆ ಈ ಕಥೆ ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಈಗ ಹಿಂದೆ ಬಿದ್ದವರ ವಿಷಯ. 2008ರ ಫೈನಲ್ ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಬ್ಲೂಮಿಂಗ್ಟನ್‌ನಲ್ಲಿ ನಡೆದದ್ದು. ಹಿಂದಿನ ರಾತ್ರಿಯ ತನಕ ಬ್ಲೂ ಡೆವಿಲ್ಸ್ ಮುಂದಿತ್ತು. ರಾಕ್‌ಫರ್ಡ್‌ನ ಫ್ಯಾಂಟಮ್ ರೆಜಿಮೆಂಟ್ ಸ್ಪಾರ್ಟಕಸ್ ಕಥೆ ಆಡಿತು. ರೋಮ್ ವಿರುದ್ಧ ಎದ್ದ ಗುಲಾಮರ ಕಥೆ. ಅಂಕ ಬಂದಾಗ 98.125, ಬ್ಲೂ ಡೆವಿಲ್ಸ್‌ಗೆ 98.100. ಬರೀ 0.025 ಅಂತರ. ಕಥೆಯಲ್ಲೂ ಬಂಡಾಯ, ಅಂಕಪಟ್ಟಿಯಲ್ಲೂ ಬಂಡಾಯ. ಜನ ಹುಚ್ಚೆದ್ದು ಕುಣಿದರು, ನ್ಯಾಯವೇ.

ಆದರೂ ಒಂದು ಮಾತು ಹೇಳಲೇಬೇಕು. ಫ್ಯಾಂಟಮ್ ಬಡಪಾಯಿ ತಂಡ ಆಗಿರಲಿಲ್ಲ. 1977, 78, 79 ಮೂರೂ ವರ್ಷ ಎರಡನೇ ಸ್ಥಾನ. 1996ರಲ್ಲಿ ಬ್ಲೂ ಡೆವಿಲ್ಸ್ ಜೊತೆಗೇ ಪಟ್ಟ ಹಂಚಿಕೊಂಡಿತ್ತು. ಎರಡನೆಯವರು ಒಂದನೆಯವರಾಗುವುದು ಚೆಂದದ ಸುದ್ದಿ, ಒಪ್ಪುತ್ತೇನೆ. ನಿಜವಾದ ಹೋರಾಟ ನಡೆಯುವುದು ಇನ್ನೂ ಕೆಳಗೆ. ಅದನ್ನು ನೋಡಬೇಕಾದರೆ ಶನಿವಾರ ರಾತ್ರಿ ಬಂದರೆ ಸಾಲದು.

ನನ್ನ ಅಕ್ಕನ ಮಗ ಅಂಥದೊಂದು ತಂಡದಲ್ಲಿ ಮೆಲ್ಲೊಫೋನ್ ಎಂಬ ಹಿತ್ತಾಳೆ ವಾದ್ಯ ನುಡಿಸುತ್ತಿದ್ದ. ಅವನ ನೆಪದಲ್ಲಿ ನಾನು ಅವರ ಅಡುಗೆ ಟ್ರಕ್‌ನಲ್ಲಿ ಕೈಜೋಡಿಸಿದ್ದೇನೆ. ಮಕ್ಕಳು ಯಾವುದೋ ಶಾಲೆಯ ಜಿಮ್ ನೆಲದ ಮೇಲೆ ಮಲಗುತ್ತಾರೆ, ಅದೇ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಟ್ರಕ್ ನಿಲ್ಲುತ್ತದೆ. ದಿನಕ್ಕೆ ನಾಲ್ಕು ಊಟ. ನಾಲ್ಕನೆಯದು ಶೋ ಮುಗಿದ ಮೇಲೆ, ನಡುರಾತ್ರಿ, ಬಸ್ ಹತ್ತುವ ಮೊದಲು. ಮಧ್ಯಾಹ್ನದ ಸಾಲಿನಲ್ಲಿ ಬರುವ ಕೈಗಳನ್ನು ನೋಡಬೇಕು. ಕೈಗವಸು ಇದ್ದಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ಬಿಸಿಲಿಗೆ ಸುಟ್ಟಿರುತ್ತದೆ. ಹಿತ್ತಾಳೆ ಊದುವವರ ತುಟಿ ಒಡೆದಿರುತ್ತದೆ, ಖಾರ ಹಾಕಬೇಡಿ ಅಂತ ಮೊದಲೇ ಹೇಳುತ್ತಾರೆ. ಸೊಂಟದಲ್ಲಿ ನೇತಾಡುವ ಡಾಟ್ ಬುಕ್, ಅಂದರೆ ಯಾವ ಎಣಿಕೆಗೆ ಮೈದಾನದಲ್ಲಿ ಎಲ್ಲಿ ನಿಲ್ಲಬೇಕು ಅಂತ ಬರೆದಿಟ್ಟ ಪುಟ್ಟ ಪುಸ್ತಕ, ಬೆವರಿಗೆ ಊದಿಕೊಂಡಿರುತ್ತದೆ. ಮೈದಾನದ ಕಡೆಯಿಂದ ‘ಒನ್ ಮೋರ್ ಟೈಮ್’ ಅನ್ನುವ ಕೂಗು ಕೇಳುತ್ತಲೇ ಇರುತ್ತದೆ. ಆ ಒನ್ ಯಾವತ್ತೂ ಒಂದಕ್ಕೆ ನಿಲ್ಲುವುದಿಲ್ಲ.

ಆ ವರ್ಷ ಅವರು ಹನ್ನೆರಡರೊಳಗೆ ಬರಲಿಲ್ಲ. ಸ್ವಲ್ಪದರಲ್ಲೇ ತಪ್ಪಿತು. ಸೆಮಿಫೈನಲ್ ರಾತ್ರಿ ಅಂಕ ಫೋನಿನಲ್ಲಿ ಬಂದಾಗ ನಮ್ಮ ಹುಡುಗ ತಟ್ಟೆ ಹಿಡಿದು ನಿಂತಿದ್ದ. "ಚಿಕ್ಕಮ್ಮ, ಇವತ್ತು ಆಡಿದ್ದು ಈ ಬೇಸಿಗೆಯಲ್ಲೇ ಬೆಸ್ಟ್" ಅಂದ. ಆಮೇಲೆ ಹೋಗಿ ಏಜ್ ಔಟ್ ಆಗುತ್ತಿದ್ದ ಗೆಳೆಯನ ಪಕ್ಕ ಡಾಂಬರಿನ ಮೇಲೆ ಕೂತ. ಇಬ್ಬರೂ ಮಾತಾಡಲಿಲ್ಲ, ಊಟ ಪೂರ್ತಿ ಮಾಡಿದರು. ಮೇಲಿನ ತಂಡದ ಮಕ್ಕಳಷ್ಟೇ ಗಂಟೆ ದುಡಿದಿದ್ದರು, ಅವರ ಹಾಗೇ ಸಾವಿರಾರು ಡಾಲರ್ ಫೀಸ್ ಕಟ್ಟಿದ್ದರು. ಈ ತಂಡಗಳಿಗೆ ಇನ್ನೊಂದು ಕಷ್ಟ ಇದೆ. ಇವರು ಕಲಿಸಿ ತಯಾರು ಮಾಡಿದ ಒಳ್ಳೆಯ ಹುಡುಗರು ಮುಂದಿನ ವರ್ಷ ಮೇಲಿನ ತಂಡಕ್ಕೆ ಹೋಗುತ್ತಾರೆ. ಹೋಗುವುದು ತಪ್ಪಲ್ಲ. ಆದರೆ ಉಳಿದವರು ಪ್ರತಿ ವರ್ಷ ಮೊದಲ ಮೆಟ್ಟಿಲಿನಿಂದ ಶುರು ಮಾಡಬೇಕು.

ಅದಕ್ಕೇ 2009ರ ಟ್ರೂಪರ್ಸ್ ನನಗೆ 2008ರ ಫ್ಯಾಂಟಮ್‌ಗಿಂತ ಹತ್ತಿರ. ವಯೋಮಿಂಗ್‌ನ ಕ್ಯಾಸ್ಪರ್ ಎಂಬ ಸಣ್ಣ ಊರಿನ, 1957ರ ತಂಡ. 2006ರಲ್ಲಿ ಸ್ಪರ್ಧೆಯಲ್ಲೇ ಇರಲಿಲ್ಲ. ಮರುವರ್ಷ ವಾಪಸ್ ಬಂದರು. 2009ರಲ್ಲಿ ಹನ್ನೆರಡನೆಯವರಾಗಿ ಫೈನಲ್ ಮುಟ್ಟಿದರು, 1986ರ ನಂತರ ಮೊದಲ ಸಲ. ಸ್ಯಾಕ್ರಮೆಂಟೊದ ಚೀನೀ ಸಮುದಾಯದವರು 1963ರಲ್ಲಿ ಕಟ್ಟಿದ ಮ್ಯಾಂಡರಿನ್ಸ್ ಕೂಡ ಹೀಗೆಯೇ, 2018ರಲ್ಲಿ ಮೊದಲ ಬಾರಿಗೆ ಹನ್ನೆರಡರೊಳಗೆ ಬಂದದ್ದು. ಇವರಿಗೆ ಸಿಕ್ಕಿದ್ದು ಕಪ್ ಅಲ್ಲ, ಶನಿವಾರ ಇನ್ನೊಂದು ಸಲ ಆಡುವ ಅವಕಾಶ.

ಇನ್ನು ಯಾರು ಗಟ್ಟಿ, ಯಾರು ದುರ್ಬಲ ಅನ್ನುವುದನ್ನು ಅಂಕಪಟ್ಟಿ ನೋಡಿ ಹೇಳಲು ಬರುವುದಿಲ್ಲ. ಮೊಟ್ಟಮೊದಲ ಚಾಂಪಿಯನ್ ಅನಹೈಮ್ ಕಿಂಗ್ಸ್‌ಮೆನ್ ಸ್ಪರ್ಧೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. 2018ರಲ್ಲಿ ಗೆದ್ದ ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ದುಡ್ಡಿನ ತೊಂದರೆಯಿಂದ 2023ರಲ್ಲಿ ಮನೆಯಲ್ಲೇ ಉಳಿಯಿತು. ಮೇಲೆ ಹೇಳಿದ ಕೆಡೆಟ್ಸ್ 1934ರಿಂದ ಇದ್ದ ತಂಡ, 10 ಪಟ್ಟ ಗೆದ್ದಿತ್ತು. 2024ರಲ್ಲಿ ಬಾಗಿಲು ಹಾಕಿತು. ಕ್ಯಾಸ್ಪರ್‌ನವರು ಇನ್ನೂ ಆಡುತ್ತಿದ್ದಾರೆ.

ಹಾಗಾಗಿ ನಾನು ಮಾಡುವುದು ಹೀಗೆ. ಗೆದ್ದವರು ಯಾರೇ ಆಗಲಿ, ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ. ಟಿ ಶರ್ಟ್ ಮಾತ್ರ ಹದಿನಾಲ್ಕೋ ಹದಿನೆಂಟೋ ಬಂದವರ ಅಂಗಡಿಯಲ್ಲಿ ಕೊಳ್ಳುತ್ತೇನೆ, ಡೀಸೆಲ್‌ಗಾದರೂ ಆಗಲಿ ಅಂತ. ಮುಂದಿನ ಆಗಸ್ಟ್‌ನಲ್ಲಿ ಮಗಳನ್ನು ಕರೆದುಕೊಂಡು ಬರುವುದಾದರೆ ಶನಿವಾರದ ಜೊತೆ ಗುರುವಾರದ ಟಿಕೆಟ್ ಕೂಡ ತೆಗೆದುಕೊಳ್ಳಿ. ಬೆಳಿಗ್ಗೆಯೇ ಬನ್ನಿ. ಆ ಹೊತ್ತಿಗೆ ಸಾವಿರಾರು ಸೀಟು ಖಾಲಿ ಇರುತ್ತವೆ, ಮುಂದೆ ಬಂದು ಕೂರಬಹುದು. ನೀವು ಹೊಡೆದ ಚಪ್ಪಾಳೆ ಮೈದಾನದಲ್ಲಿರುವ ಮಕ್ಕಳಿಗೆ ಕೇಳಿಸುತ್ತದೆ ಕೂಡ.